ಗದ್ದೆ ಅಣ್ಣನಿಗೆ, ಔಷಧಿ ಖರ್ಚು ತಮ್ಮನಿಗೆ: ಪೇಟ್ರಿಯಟ್ ಕೋಲ್ ಎರಡು ಸಲ ದಿವಾಳಿಯಾದ ಕಥೆ

ಹಳೇ ಲೆಡ್ಜರ್

ಮನೆ ಪಾಲಾಗುವುದನ್ನು ನೀವೆಲ್ಲ ನೋಡಿರುತ್ತೀರಿ. ಕಾಲುವೆ ಪಕ್ಕದ ಗದ್ದೆ ಅಣ್ಣನ ಹೆಸರಿಗೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಅನ್ನುವ ಹೊಲ ತಮ್ಮನ ಹೆಸರಿಗೆ. ಜೊತೆಗೆ ಅಪ್ಪ ಅಮ್ಮನ ಔಷಧಿ ಖರ್ಚೂ ತಮ್ಮನದೇ. ಪಾಲುಪಾರೀಕತ್ತಿನಲ್ಲಿ ಎಲ್ಲರ ಸಹಿ ಇರುತ್ತದೆ. ಕಾಗದದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ.

ಅಮೆರಿಕದ ಪೇಟ್ರಿಯಟ್ ಕೋಲ್ ಅನ್ನುವ ಕಲ್ಲಿದ್ದಲು ಕಂಪನಿಯ ಕಥೆ ಓದುವಾಗ ನನಗೆ ಇದೇ ನೆನಪಾಗುತ್ತಿತ್ತು. ಈ ಕಂಪನಿ ಹುಟ್ಟಿದ್ದು 2007ರ ಅಕ್ಟೋಬರ್ 31ಕ್ಕೆ. ದಿವಾಳಿ ಅರ್ಜಿ ಹಾಕಿದ್ದು 2012ರ ಜುಲೈ 9ಕ್ಕೆ. ಐದು ವರ್ಷವೂ ತುಂಬಿರಲಿಲ್ಲ. ಆದರೆ ಅದರ ಪುಸ್ತಕದಲ್ಲಿ ಐವತ್ತು ಅರವತ್ತು ವರ್ಷದ ಹಿಂದೆ ಗಣಿಗೆ ಇಳಿದವರ ಚಿಕಿತ್ಸೆ ಖರ್ಚು ಇತ್ತು. ಅದು ಹೇಗೆ?

ಅಣ್ಣನ ಹೆಸರು ಪೀಬಾಡಿ. 1883ರಲ್ಲಿ ಷಿಕಾಗೋದಲ್ಲಿ ಫ್ರಾನ್ಸಿಸ್ ಪೀಬಾಡಿ ಅನ್ನುವ ಯುವಕ ಒಂದು ಗಾಡಿ, ಎರಡು ಹೇಸರಗತ್ತೆ ಇಟ್ಟುಕೊಂಡು ಮನೆಮನೆಗೆ ಕಲ್ಲಿದ್ದಲು ಮಾರಲು ಶುರು ಮಾಡಿದ. ಮುಂದೆ ಸ್ವಂತ ಗಣಿ ಬಂತು. ಆಮೇಲೆ ಒಡೆತನ ಕೈಯಿಂದ ಕೈಗೆ. 1968ರಲ್ಲಿ ಕೆನ್ನೆಕಾಟ್ ತಾಮ್ರದ ಕಂಪನಿ ಕೊಂಡಿತು. ಸ್ಪರ್ಧೆಗೆ ಧಕ್ಕೆ ಅಂತ ಸರ್ಕಾರ ತಕರಾರು ತೆಗೆದ ಮೇಲೆ 1977ರಲ್ಲಿ ಮಾರಬೇಕಾಯಿತು. 1990ರಲ್ಲಿ ಬ್ರಿಟನ್ನಿನ ಹ್ಯಾನ್ಸನ್, 1998ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ಕಡೆಯವರು, 2001ರಲ್ಲಿ ಷೇರುಪೇಟೆ. ಅಷ್ಟರಲ್ಲಿ ಅವರ ದುಡಿಮೆಯೆಲ್ಲ ಪಶ್ಚಿಮಕ್ಕೆ ಸರಿದಿತ್ತು. ವಯೋಮಿಂಗ್‌ನಲ್ಲಿ ದಪ್ಪ ಪದರ, ಮೇಲಿನ ಮಣ್ಣು ತೆಗೆದರೆ ಸಾಕು, ಅಲ್ಲಿ ಯೂನಿಯನ್ ಕೂಡ ಇಲ್ಲ. ಪೂರ್ವದ ವೆಸ್ಟ್ ವರ್ಜೀನಿಯಾ, ಕೆಂಟಕಿಯಲ್ಲಿ ಹಳೇ ಗಣಿಗಳು, ಹಳೇ ಯೂನಿಯನ್, ಹಳೇ ಪಿಂಚಣಿದಾರರು.

2007ರಲ್ಲಿ ಈ ಪೂರ್ವದ ಭಾಗವನ್ನು ಬೇರೆ ಕಂಪನಿ ಮಾಡಿ ಪೇಟ್ರಿಯಟ್ ಅಂತ ಹೆಸರಿಟ್ಟರು. ಹತ್ತು ಪೀಬಾಡಿ ಷೇರು ಇದ್ದವರಿಗೆ ಒಂದು ಪೇಟ್ರಿಯಟ್ ಷೇರು ಪುಕ್ಕಟೆ. ಗಣಿ ಕಾರ್ಮಿಕರ ಯೂನಿಯನ್ ಹೇಳುವ ಲೆಕ್ಕದಲ್ಲಿ ಪೀಬಾಡಿಯ ಆರೋಗ್ಯ ಹೊಣೆಯಲ್ಲಿ ಸುಮಾರು 40 ಪಾಲು ಇಲ್ಲಿಗೆ ಬಂತು, ಕಲ್ಲಿದ್ದಲು ನಿಕ್ಷೇಪದಲ್ಲಿ 13 ಪಾಲು. ನೂರಕ್ಕೆ ಹೇಳುತ್ತಿದ್ದೇನೆ.

ಸಿಂಗಲ್ ಟೀ

ಸಾರ್, ಸುಮ್ನೆ ಒಂದು ಡೌಟು. ಪೇಟ್ರಿಯಟ್ ಅಂದರೆ ದೇಶಭಕ್ತ ಅಲ್ವಾ? ಹೆಸರಿಟ್ಟವರಿಗೆ ನಗು ಬರಲಿಲ್ವಾ?

ಹಳೇ ಲೆಡ್ಜರ್

ಬಂದಿದ್ದರೂ ಪ್ರೆಸ್‌ನೋಟಿನಲ್ಲಿ ಬರೆಯುವುದಿಲ್ಲವಲ್ಲ. ಹೊಸ ಕಂಪನಿಯ ಅಧ್ಯಕ್ಷರಾಗಿ ಕೂತವರು ಅರ್ಲ್ ಎಂಗೆಲ್‌ಹಾರ್ಟ್. ಅದಕ್ಕೆ ಮೊದಲು ಪೀಬಾಡಿಯನ್ನೇ ನಡೆಸಿದ್ದವರು. ಸಿಇಒ ರಿಚರ್ಡ್ ವೈಟಿಂಗ್ ಕೂಡ ಪೀಬಾಡಿಯ ಹಳಬರೇ.

2008ರ ಜುಲೈನಲ್ಲಿ ಇನ್ನೊಂದು ಹೊರೆ ಬಂತು. ಪೇಟ್ರಿಯಟ್ ಮ್ಯಾಗ್ನಮ್ ಅನ್ನುವ ಕಂಪನಿ ಕೊಂಡಿತು. ಈ ಮ್ಯಾಗ್ನಮ್ ಏನು ಅಂದರೆ, ಆರ್ಚ್ ಕೋಲ್ ಅನ್ನುವ ಇನ್ನೊಬ್ಬ ದೊಡ್ಡಣ್ಣ 2005ರ ಕೊನೆಗೆ ತನ್ನ ಯೂನಿಯನ್ ಗಣಿಗಳನ್ನು ಇದೇ ರೀತಿ ಕೈಬಿಟ್ಟಿದ್ದ, ಅವು ಸೇರಿದ್ದು ಮ್ಯಾಗ್ನಮ್‌ಗೆ. ಹೊಬೆಟ್, ಅಪೊಜಿ, ಕ್ಯಾಟನರಿ ಅಂತ ಅವುಗಳ ಹೆಸರು. ಅಂದರೆ ಎರಡು ಮನೆಯ ಮುದುಕರು ಒಂದೇ ತಮ್ಮನ ಜಗಲಿಗೆ ಬಂದರು. ಪೇಟ್ರಿಯಟ್ ದುಡ್ಡಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ನಿವೃತ್ತರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಪೇಟ್ರಿಯಟ್‌ಗಾಗಿ ಒಂದು ದಿನವೂ ದುಡಿದವರಲ್ಲ ಅಂತ ಯೂನಿಯನ್ ಹೋದಲ್ಲೆಲ್ಲ ಹೇಳಿತು.

ಷೇರು ಸುಬ್ಬ

ಲೆಡ್ಜರ್ ಸಾರ್, ಕಥೆ ಚೆನ್ನಾಗಿದೆ. ಆದರೆ ಒಂದು ಕಡೆಗೆ ವಾಲಿದೆ ಅನ್ನಿಸಿತು.

ಸಾಯಲೆಂದೇ ಹುಟ್ಟಿಸಿದರು ಅನ್ನುವ ಧಾಟಿ ಇದೆ ನಿಮ್ಮ ಮಾತಿನಲ್ಲಿ. ಅಂಥ ಕಂಪನಿಯ ಷೇರು ಹುಟ್ಟಿದ ಮೊದಲ ವರ್ಷದಲ್ಲೇ ಅಷ್ಟು ಏರುತ್ತದಾ? 2008ರ ಬೇಸಿಗೆಯಲ್ಲಿ ಕಲ್ಲಿದ್ದಲಿಗೆ ಚಿನ್ನದ ಬೆಲೆ. ಪೇಟ್ರಿಯಟ್ ಷೇರು ಹಿಡಿದವರು ಮೀಸೆ ತಿರುವುತ್ತಿದ್ದರು. ಆಮೇಲೆ ಲೀಮನ್ ಬ್ಯಾಂಕ್ ದಿವಾಳಿಯಾಯಿತು, ಉಕ್ಕಿನ ಬೇಡಿಕೆ ಬಿತ್ತು. ಅದಾದ ಮೇಲೆ ಶೇಲ್ ಗ್ಯಾಸ್, ಅಂದರೆ ಶೇಲ್ ಕಲ್ಲಿನ ಪದರ ಒಡೆದು ತೆಗೆಯುವ ಅಗ್ಗದ ಗ್ಯಾಸ್ ಬಂತು. 2012ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಗ್ಯಾಸ್ ಬೆಲೆ ಎರಡು ಡಾಲರ್‌ಗಿಂತ ಕೆಳಗೆ ಹೋಯಿತು. ಕರೆಂಟ್ ಕಂಪನಿಗಳು ಕಲ್ಲಿದ್ದಲು ಬಿಟ್ಟು ಗ್ಯಾಸ್ ಉರಿಸಿದವು. ಅಪಲೇಷಿಯಾದ, ಅಂದರೆ ಆ ಪೂರ್ವದ ಬೆಟ್ಟಸಾಲಿನ ಗಣಿಯಲ್ಲಿ ಪದರ ತೆಳು, ಖರ್ಚು ಜಾಸ್ತಿ. ಮೊದಲು ಹೊಡೆತ ತಿನ್ನುವುದೇ ಅವರು. ಇದರಲ್ಲಿ ಪಿತೂರಿ ಎಲ್ಲಿದೆ?

ಇನ್ನೊಂದು. ಅರ್ಜಿ ಹಾಕುವಾಗ ಅವರು ತೋರಿಸಿದ ಆಸ್ತಿ 357 ಕೋಟಿ ಡಾಲರ್, ಸಾಲ ಮತ್ತು ಹೊಣೆ 307 ಕೋಟಿ. ಕಾಗದದ ಮೇಲೆ ಕಂಪನಿ ಮುಳುಗಿರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ ಅಷ್ಟೆ.

ಹಳೇ ಲೆಡ್ಜರ್

ಒಳ್ಳೆಯ ಮಾತು ಸುಬ್ಬಣ್ಣ. ಒಪ್ಪುವ ಭಾಗ ಒಪ್ಪುತ್ತೇನೆ. ಗ್ಯಾಸ್ ಹೊಡೆತ ನಿಜ. ಸೆಲೆನಿಯಂ ಕೇಸೂ ಸೇರಿಸಿ. ಮ್ಯಾಗ್ನಮ್ ಜೊತೆ ಬಂದ ಗಣಿಗಳಿಂದ ಹಳ್ಳಕ್ಕೆ ಸೆಲೆನಿಯಂ ಅನ್ನುವ, ಜಾಸ್ತಿಯಾದರೆ ಮೀನಿಗೆ ವಿಷವಾಗುವ ವಸ್ತು ಹರಿಯುತ್ತಿತ್ತು. 2010ರಲ್ಲಿ ಫೆಡರಲ್ ನ್ಯಾಯಾಧೀಶರು ಶುದ್ಧೀಕರಣ ಘಟಕ ಹಾಕಿ ಅಂದರು. ಆ ಖರ್ಚೇ ನೂರಾರು ದಶಲಕ್ಷ ಡಾಲರ್. 2012ರ ನವೆಂಬರ್‌ನಲ್ಲಿ ಪರಿಸರ ಸಂಘಟನೆಗಳ ಜೊತೆ ರಾಜಿ ಮಾಡಿಕೊಂಡು, ಬೆಟ್ಟದ ತಲೆ ಕಡಿದು ಗಣಿಗಾರಿಕೆ ಮಾಡುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಅಂತ ಪೇಟ್ರಿಯಟ್ ಒಪ್ಪಿಕೊಂಡಿತು.

ಒಪ್ಪದ ಭಾಗ ಇದು. ನಾನು ಪಿತೂರಿ ಅನ್ನುತ್ತಿಲ್ಲ. ಪೀಬಾಡಿಯವರು ಸಾಯಲಿ ಅಂತಲೇ ಮಾಡಿದರೋ, ಬದುಕಿದರೆ ಬದುಕಲಿ ಅಂತ ಮಾಡಿದರೋ, ಮನಸ್ಸಿನ ಒಳಗೆ ನೋಡಲು ಆಗುವುದಿಲ್ಲ. ನಾನು ನೋಡುವುದು ಪುಟ. ಬರ ಬಂದರೆ ಯಾರ ಹೊಲ ಮೊದಲು ಒಣಗುತ್ತದೆ ಅಂತ ಪಾಲು ಮಾಡುವಾಗಲೇ ಗೊತ್ತಿತ್ತು. ಮಾತ್ರೆ ಚೀಟಿ ಆ ಹೊಲದ ಪಹಣಿಗೇ ಅಂಟಿಸಿದ್ದರು. ನನ್ನ ತಕರಾರು ಇಷ್ಟೇ.

ಬಂಗಾರಪೇಟೆ ಪ್ಯಾಸೆಂಜರ್

ಗಣಿ ಊರಿನ ಪಕ್ಕದವನು ನಾನು. ಅಲ್ಲಿನ ಹಿರಿಯರ ಕೆಮ್ಮು ಕೇಳಿ ಬೆಳೆದವನು. ನಮ್ಮದು ಚಿನ್ನದ ಗಣಿ, ಕಲ್ಲಿನ ದೂಳು. ಅವರದು ಕಲ್ಲಿದ್ದಲ ದೂಳು. ಆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಅಲ್ಲಿ ಬ್ಲ್ಯಾಕ್ ಲಂಗ್ ಅಂತಾರೆ. ಹಾಗಾಗಿ ಚಿಕಿತ್ಸೆ ಖರ್ಚನ್ನು 'ಸವಲತ್ತು' ಅಂತ ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ.

ಇದಕ್ಕೆ ಒಂದು ಹಳೇ ಕಥೆ ಇದೆ. 1946ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಯೆಲ್ಲ ಮುಷ್ಕರದಿಂದ ನಿಂತಿದ್ದವು. ಅಧ್ಯಕ್ಷ ಟ್ರೂಮನ್ ಗಣಿಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡರು. ಮೇ 29ಕ್ಕೆ ಶ್ವೇತಭವನದಲ್ಲಿ ಮಂತ್ರಿ ಜೂಲಿಯಸ್ ಕ್ರುಗ್ ಮತ್ತು ಗಣಿ ಕಾರ್ಮಿಕರ ಯೂನಿಯನ್ ನಾಯಕ ಜಾನ್ ಎಲ್. ಲೂಯಿಸ್ ಸಹಿ ಹಾಕಿದರು. ಒಂದು ಟನ್ ಕಲ್ಲಿದ್ದಲಿಗೆ ಐದು ಸೆಂಟ್‌ನಂತೆ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗಬೇಕು ಅಂತ. ಗಣಿಗಾರರ ದೃಷ್ಟಿಯಲ್ಲಿ ಅದು ಸರ್ಕಾರ ಎದುರು ನಿಂತು ಕೊಟ್ಟ ಮಾತು. ಸಂಬಳ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಮುದಿತನದಲ್ಲಿ ಡಾಕ್ಟರ್ ಇರುತ್ತಾನೆ ಅಂತ ತಲೆಮಾರುಗಳು ನಂಬಿ ಕೆಳಗೆ ಇಳಿದರು. ಅದು ಬಾಕಿ ಸಂಬಳ ರೀ, ದಾನ ಅಲ್ಲ.

ಮಿಸೌರಿ ಮಾವಿನಕಾಯಿ

ನಾನು ಸೇಂಟ್ ಲೂಯಿಸ್‌ನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಪೀಬಾಡಿ ಹೆಡ್ ಆಫೀಸ್ ಇಲ್ಲೇ ಡೌನ್‌ಟೌನ್‌ನಲ್ಲಿ. ಪೇಟ್ರಿಯಟ್ ದಿವಾಳಿ ಕೇಸು ನಡೆದದ್ದೂ ಇದೇ ಊರಿನ ಕೋರ್ಟಿನಲ್ಲಿ. 2013ರ ಆರಂಭದಲ್ಲಿ ಆಫೀಸಿಗೆ ಹೋಗುವ ದಾರಿಯಲ್ಲಿ ಸಾಲು ಸಾಲು ಬಸ್. ಇಳಿದವರೆಲ್ಲ ವಯಸ್ಸಾದವರು, ಚಿಕಿತ್ಸೆ ಖರ್ಚು ನಿಲ್ಲಿಸಬೇಡಿ ಅಂತ ಪ್ರತಿಭಟನೆಗೆ ಬಂದ ಗಣಿ ಕಾರ್ಮಿಕರು. ಬೇಟೆಗಾರರ ಥರ ಹಸಿರು ಚುಕ್ಕಿ ಟೀ ಶರ್ಟ್. ಕೆಲವರಿಗೆ ಊರುಗೋಲು, ಕೆಲವರ ಮೂಗಿಗೆ ಆಕ್ಸಿಜನ್ ನಳಿಗೆ. ರಸ್ತೆಯಲ್ಲಿ ಕೂರುತ್ತಿದ್ದರು, ಪೊಲೀಸರು ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದರು. ಯೂನಿಯನ್ ಅಧ್ಯಕ್ಷ ಸೆಸಿಲ್ ರಾಬರ್ಟ್ಸ್ ಅವರನ್ನು ಬಂಧಿಸಿದ್ದು ಒಂದೇ ಸಲ ಅಲ್ಲ. ನನಗೆ ಆಗ ವಿಷಯವೇ ಗೊತ್ತಿರಲಿಲ್ಲ. ದಾರಿ ಬ್ಲಾಕ್ ಆಯ್ತು ಅಂತ ಗೊಣಗಿಕೊಂಡು ಹೋದೆ. ಈಗ ನಾಚಿಕೆಯಾಗುತ್ತದೆ.

ಆಗ ಇಲ್ಲಿ ಊರಿನ ದೊಡ್ಡ ಥಿಯೇಟರ್ ಹೆಸರೂ ಪೀಬಾಡಿ ಆಪೆರಾ ಹೌಸ್. ಅದೂ ಡೌನ್‌ಟೌನ್‌ನಲ್ಲೇ. ಒಂದೇ ಹೆಸರಿನ ಕೆಳಗೆ ಒಂದು ಕಡೆ ಸಂಗೀತ, ಇನ್ನೊಂದು ಕಡೆ ಇವರ ಘೋಷಣೆ.

ಸಿಂಗಲ್ ಟೀ

ಒಂದು ಅರ್ಥ ಆಗಲಿಲ್ಲ. ಪೇಟ್ರಿಯಟ್ ಗಣಿ ವೆಸ್ಟ್ ವರ್ಜೀನಿಯಾದಲ್ಲಿ. ಕೇಸು ಸೇಂಟ್ ಲೂಯಿಸ್‌ನಲ್ಲಿ ಯಾಕೆ?

ಹಳೇ ಲೆಡ್ಜರ್

ಮೊದಲು ಹಾಕಿದ್ದು ಸೇಂಟ್ ಲೂಯಿಸ್‌ನಲ್ಲೂ ಅಲ್ಲಪ್ಪ, ನ್ಯೂಯಾರ್ಕ್‌ನಲ್ಲಿ! ಅಲ್ಲಿ ಅವರಿಗೆ ಒಂದು ಗುಂಡಿಯೂ ಇರಲಿಲ್ಲ. ಆದರೆ ಆ ಊರಿನಲ್ಲಿ ಅರ್ಜಿ ಹಾಕಬೇಕಾದರೆ ಆ ಊರಿನ ಕಂಪನಿ ಇರಬೇಕಲ್ಲ. ಅರ್ಜಿಗೆ ಕೆಲವೇ ವಾರ ಮೊದಲು ನ್ಯೂಯಾರ್ಕ್‌ನಲ್ಲಿ ಎರಡು ಪುಟ್ಟ ಕಂಪನಿ ನೋಂದಣಿ ಮಾಡಿದರು. ಅವನ್ನು ಮುಂದಿಟ್ಟುಕೊಂಡು ಒಟ್ಟು 99 ಕಂಪನಿಗಳ ದಿವಾಳಿ ಅರ್ಜಿ ಅಲ್ಲೇ ಹಾಕಿದರು. ನೆಂಟರ ಮನೆ ವಿಳಾಸ ಕೊಟ್ಟು ಬೇರೆ ತಾಲ್ಲೂಕಿನಲ್ಲಿ ರೇಷನ್ ಕಾರ್ಡ್ ಮಾಡಿಸಿದ ಹಾಗೆ. ಯೂನಿಯನ್ ತಕರಾರು ಮಾಡಿತು. ನ್ಯಾಯಾಧೀಶೆ ಶೆಲ್ಲಿ ಚಾಪ್‌ಮನ್ 2012ರ ನವೆಂಬರ್ 27ಕ್ಕೆ ಕೇಸನ್ನು ನ್ಯೂಯಾರ್ಕ್‌ನಿಂದ ಎತ್ತಿ ಸೇಂಟ್ ಲೂಯಿಸ್‌ಗೆ ಕಳಿಸಿದರು. ಪೇಟ್ರಿಯಟ್ ಆಫೀಸ್ ಇದ್ದದ್ದು ಅಲ್ಲಿ. ಯೂನಿಯನ್ ಕೇಳಿದ್ದು ವೆಸ್ಟ್ ವರ್ಜೀನಿಯಾ, ಅದು ಸಿಗಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. ನಿವೃತ್ತರ ಆರೋಗ್ಯ ವಿಮೆ ಮತ್ತು ಕಾರ್ಮಿಕರ ಒಪ್ಪಂದ ಬದಲಾಯಿಸಿ ವರ್ಷಕ್ಕೆ ಸುಮಾರು 15 ಕೋಟಿ ಡಾಲರ್ ಉಳಿಸಬೇಕು ಅಂತ ಪೇಟ್ರಿಯಟ್ ಕೇಳಿತು. ಅದೇ ಹೊತ್ತಿಗೆ ಅಧಿಕಾರಿಗಳು ಬಿಟ್ಟು ಹೋಗದಿರಲಿ ಅಂತ ಸುಮಾರು 70 ಲಕ್ಷ ಡಾಲರ್ ಬೋನಸ್‌ಗೂ ಕೋರ್ಟ್ ಒಪ್ಪಿಗೆ ಪಡೆಯಿತು. 2013ರ ಮೇ 29ಕ್ಕೆ ನ್ಯಾಯಾಧೀಶೆ ಕ್ಯಾಥಿ ಸರ್ರಾಟ್ ಸ್ಟೇಟ್ಸ್ ಕಂಪನಿ ಕೇಳಿದ್ದಕ್ಕೆ ಹೂಂ ಅಂದರು. ದಿನಾಂಕ ನೋಡಿದಿರಾ? ಬಂಗಾರಪೇಟೆಯವರು ಹೇಳಿದ ಆ ಸಹಿ ಬಿದ್ದದ್ದೂ ಮೇ 29. ಅರವತ್ತೇಳು ವರ್ಷ, ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ.

ಷೇರು ಸುಬ್ಬ

ಕಾನೂನು ಹಾಗೆ ಬಿಟ್ಟದ್ದಕ್ಕೆ ತಾನೇ ಜಡ್ಜ್ ಕೊಟ್ಟದ್ದು? ನಮ್ಮಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ಸಿಎ ಯಾರಾದರೂ ಹೇಳಿ.

ಆಡಿಟ್ ಮುಗಿಸಿ ಬಂದೆ

ಹೇಳುತ್ತೇನೆ, ಆದರೆ ಎರಡನ್ನೂ ಸೀದಾ ಹೋಲಿಸಬೇಡಿ.

ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 11ರಲ್ಲಿ ಹಳೇ ಆಡಳಿತವೇ ಕುರ್ಚಿಯಲ್ಲಿ ಕೂತು ಕಂಪನಿ ನಡೆಸುತ್ತದೆ. ಸಾಲ ಕೊಟ್ಟವರು ಸದ್ಯಕ್ಕೆ ಬಾಗಿಲು ತಟ್ಟುವ ಹಾಗಿಲ್ಲ. ಆ ಕಾನೂನಿನಲ್ಲಿ 1113 ಅನ್ನುವ ಕಲಮು ಯೂನಿಯನ್ ಒಪ್ಪಂದಕ್ಕೆ, 1114 ನಿವೃತ್ತರ ಆರೋಗ್ಯಕ್ಕೆ. ತಮಾಷೆ ಅಂದರೆ 1114 ಬಂದದ್ದೇ ನಿವೃತ್ತರ ರಕ್ಷಣೆಗೆ. 1986ರಲ್ಲಿ ಎಲ್‌ಟಿವಿ ಉಕ್ಕಿನ ಕಂಪನಿ ದಿವಾಳಿಯಾಗಿ ರಾತ್ರೋರಾತ್ರಿ ನಿವೃತ್ತರ ವಿಮೆ ನಿಲ್ಲಿಸಿದ ಮೇಲೆ 1988ರಲ್ಲಿ ಸಂಸತ್ತು ಮಾಡಿದ ಕಾನೂನು ಅದು. ಮಾತುಕತೆ ಮಾಡದೆ ನಿಲ್ಲಿಸಬಾರದು ಅನ್ನುತ್ತದೆ. ಮಾತುಕತೆ ಮಾಡಿ, ಕೋರ್ಟನ್ನು ಒಪ್ಪಿಸಿ, ನಿಲ್ಲಿಸಬಹುದು. ರಕ್ಷಣೆಗೆ ಕಟ್ಟಿದ ಬೇಲಿಯಲ್ಲೇ ಗೇಟ್.

ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ಕಂಪನಿ ಮುಚ್ಚುವ ಹಂತ ಬಂದರೆ ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಜೊತೆ ಒಂದೇ ಸಾಲಿನಲ್ಲಿ ಬರುತ್ತದೆ. ಪಿಎಫ್, ಗ್ರಾಚ್ಯುಟಿ, ಪಿಂಚಣಿ ನಿಧಿಯ ದುಡ್ಡು ಹಂಚುವ ಆಸ್ತಿಗೇ ಸೇರುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಸಾಯುವವರೆಗೆ ಡಾಕ್ಟರ್ ಖರ್ಚು ಕೊಡುತ್ತೇವೆ ಅನ್ನುವ ಖಾಸಗಿ ಕಂಪನಿ ನಮ್ಮಲ್ಲಿ ಎಷ್ಟಿವೆ? ಇಲ್ಲದ್ದನ್ನು ಕಿತ್ತುಕೊಳ್ಳಲು ಆಗುವುದಿಲ್ಲ ಅಷ್ಟೆ.

ಪಡುಬಿದ್ರಿ ಗಾಳಿ

ಮಾರಾಯ್ರೆ, ಕಲ್ಲಿದ್ದಲು ದಿವಾಳಿ ಅಂತ ಅಮೆರಿಕದವರೆಗೆ ಹೋಗಿದ್ದೀರಿ. ನಮ್ಮ ಯೆಲ್ಲೂರಿನ ಚಿಮಣಿ ಮರೆತಿರಾ?

ಉಡುಪಿ ಪವರ್, 1200 ಮೆಗಾವಾಟ್. ಪಣಂಬೂರು ಬಂದರಿಗೆ ಹಡಗಿನಲ್ಲಿ ಕಲ್ಲಿದ್ದಲು ಬಂದು, ಅಲ್ಲಿಂದ ರೈಲಿನಲ್ಲಿ ಬರುತ್ತದೆ. ಮೊದಲು ಇದು ನಾಗಾರ್ಜುನದವರ ಯೋಜನೆ, ಕಟ್ಟಿ ನಿಲ್ಲಿಸಿದ್ದು ಹೈದರಾಬಾದಿನ ಲ್ಯಾಂಕೊ ಗುಂಪು. ಅದೇ ಲ್ಯಾಂಕೊದ ಸ್ಥಾಪಕ ಲಗಡಪಾಟಿ ರಾಜಗೋಪಾಲ್, 2014ರ ಫೆಬ್ರುವರಿಯಲ್ಲಿ ತೆಲಂಗಾಣ ಮಸೂದೆ ದಿನ ಲೋಕಸಭೆಯಲ್ಲಿ ಪೆಪ್ಪರ್ ಸ್ಪ್ರೇ ಹೊಡೆದವರು. ನೆನಪಾಯ್ತಾ?

ಈ ಲ್ಯಾಂಕೊ 2011ರಲ್ಲಿ ಆಸ್ಟ್ರೇಲಿಯಾದ ಗ್ರಿಫಿನ್ ಕೋಲ್ ಕೊಂಡಿತು. ಪಶ್ಚಿಮ ಆಸ್ಟ್ರೇಲಿಯಾದ ಕಾಲಿ ಅನ್ನುವ ಊರಿನ ಗಣಿ. ಅದು ಆಗಲೇ ಒಂದು ಸಲ ಮುಳುಗಿತ್ತು. ಬಾಂಡ್ ಬಡ್ಡಿ ಕಟ್ಟಲಾಗದೆ 2010ರ ಜನವರಿಯಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಗಿತ್ತು. ಲ್ಯಾಂಕೊ ಲೆಕ್ಕ ಏನೆಂದರೆ ಬನ್‌ಬರಿ ಬಂದರು ದೊಡ್ಡದು ಮಾಡಿ ಕಲ್ಲಿದ್ದಲನ್ನು ಭಾರತಕ್ಕೆ ತರುವುದು. ಬಂದರು ದೊಡ್ಡದಾಗಲೇ ಇಲ್ಲ. ಆ ಕಲ್ಲಿದ್ದಲೂ ಸ್ವಲ್ಪ ಕಿರಿಕಿರಿಯದ್ದು. ತೇವ ಜಾಸ್ತಿ, ರಾಶಿ ಹಾಕಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಜಾತಿ.

ಆಮೇಲೆ? ಸಾಲ ತೀರಿಸಲು ಲ್ಯಾಂಕೊ ಉಡುಪಿಯನ್ನು ಅದಾನಿಗೆ ಮಾರಿತು. 2014ರಲ್ಲಿ ಒಪ್ಪಂದ, 2015ರಲ್ಲಿ ಹಸ್ತಾಂತರ, ಆರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಆದರೂ ಆಗಲಿಲ್ಲ. 2017ರಲ್ಲಿ ರಿಸರ್ವ್ ಬ್ಯಾಂಕ್ ದಿವಾಳಿ ಕೋರ್ಟಿಗೆ ಕಳಿಸಿ ಅಂದ ಮೊದಲ ಹನ್ನೆರಡು ಖಾತೆಗಳಲ್ಲಿ ಲ್ಯಾಂಕೊ ಇನ್ಫ್ರಾಟೆಕ್ ಒಂದು. 2018ರ ಆಗಸ್ಟ್‌ನಲ್ಲಿ ಮುಚ್ಚಿ ಮಾರಿ ಅಂತ ಆದೇಶ. ಅತ್ತ ಕಾಲಿಯಲ್ಲಿ 2016ರಲ್ಲಿ ದುರಸ್ತಿ ಕಾರ್ಮಿಕರ ಹಳೇ ಒಪ್ಪಂದ ರದ್ದಾಗಿ, ಸಂಬಳ ನೂರಕ್ಕೆ 43ರಷ್ಟು ಇಳಿಯುವ ಸ್ಥಿತಿ ಬಂತು. ಮುಂದೆ ತಿಂಗಳುಗಟ್ಟಲೆ ಮುಷ್ಕರ. 2022ರಲ್ಲಿ ಗ್ರಿಫಿನ್ ಮತ್ತೆ ಬೇರೆಯವರ ಕೈಗೆ, ಈ ಸಲ ರಿಸೀವರ್, ಅಂದರೆ ಮುಳುಗಿದ ಕಂಪನಿಯ ಆಸ್ತಿ ನೋಡಿಕೊಳ್ಳಲು ನೇಮಿಸುವವರ ಕೈಗೆ. ಕರೆಂಟ್ ನಿಲ್ಲಬಾರದು ಅಂತ ಅಲ್ಲಿನ ಸರ್ಕಾರವೇ ದುಡ್ಡು ಕೊಟ್ಟು ಗಣಿ ನಡೆಸಿತು.

ಬಂಗಾರಪೇಟೆ ಪ್ಯಾಸೆಂಜರ್

ಪಡುಬಿದ್ರಿಯವರೇ, ಇದು ಗೊತ್ತೇ ಇರಲಿಲ್ಲ. ಯಾವ ದೇಶವಾದರೂ ಕೊನೆಗೆ ಒಪ್ಪಂದ ಹರಿಯುವುದು ಪಾನಾ ಹಿಡಿದವರದ್ದೇ.

ಸಿಂಗಲ್ ಟೀ

ಲೆಡ್ಜರ್ ಸಾರ್, ಅಣ್ಣನಿಗೆ ಏನೂ ಆಗಲಿಲ್ವಾ? ಹಾವು ಸಾಯಬೇಕು, ಕೋಲು ಮುರಿಯಬಾರದು ಅಂತಾರೆ. ಇಲ್ಲಿ 'ಕೋಲ್' ಕಂಪನಿಯೇ ಮುರಿದುಹೋಯ್ತಲ್ಲ. (ಕ್ಷಮಿಸಿ, ತಡೆಯಲಾಗಲಿಲ್ಲ.)

ಹಳೇ ಲೆಡ್ಜರ್

ಈ ಸಲ ಕ್ಷಮಿಸಿದ್ದೇನೆ.

ಅಣ್ಣನ ಕಥೆ. ಯೂನಿಯನ್ ಪೀಬಾಡಿ ಮತ್ತು ಆರ್ಚ್ ಮೇಲೆ ನೇರ ಹಾಕಿದ ಮೊಕದ್ದಮೆ 2013ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ಆದರೆ 2007ರ ಪಾಲನ್ನೇ ಮೋಸದ ವರ್ಗಾವಣೆ ಅಂತ ಕೆದಕುವ ಭಯ ಇನ್ನೂ ತಲೆಯ ಮೇಲಿತ್ತು. ಬೀದಿಯ ಗದ್ದಲವೂ ಇತ್ತು. ಅಕ್ಟೋಬರ್‌ನಲ್ಲಿ ರಾಜಿ ಆಯಿತು. ಎರಡೂ ಕಂಪನಿ ಸೇರಿ 40 ಕೋಟಿ ಡಾಲರ್‌ಗಿಂತ ಹೆಚ್ಚಿನ ರಾಜಿ. ಅದರಲ್ಲಿ ಪೀಬಾಡಿ 31 ಕೋಟಿಯನ್ನು ಕಂತಿನಲ್ಲಿ 2017ರವರೆಗೆ ನಿವೃತ್ತರ ಆರೋಗ್ಯ ಟ್ರಸ್ಟಿಗೆ ಕೊಡಬೇಕು. 2013ರ ಡಿಸೆಂಬರ್‌ನಲ್ಲಿ ಪೇಟ್ರಿಯಟ್ ಕೋರ್ಟಿನಿಂದ ಹೊರಗೆ ಬಂತು.

ಕಂತು ಮುಗಿಯುವ ಮೊದಲೇ ಅಣ್ಣನೂ ಬಿದ್ದ! 2011ರಲ್ಲಿ ಉಕ್ಕಿಗೆ ಬೇಕಾದ ಕಲ್ಲಿದ್ದಲು ಟನ್ನಿಗೆ 330 ಡಾಲರ್ ಮುಟ್ಟಿತ್ತು. ಆ ಉಮೇದಿನಲ್ಲಿ ಪೀಬಾಡಿ ಸಾಲ ಮಾಡಿ ಆಸ್ಟ್ರೇಲಿಯಾದ ಮಕಾರ್ಥರ್ ಕೋಲ್ ಕೊಂಡಿತು. 2016ರ ಹೊತ್ತಿಗೆ ಅದೇ ಕಲ್ಲಿದ್ದಲು 80 ಡಾಲರ್ ಆಸುಪಾಸು. 2016ರ ಏಪ್ರಿಲ್ 13ಕ್ಕೆ ಪೀಬಾಡಿ ಅದೇ ಸೇಂಟ್ ಲೂಯಿಸ್ ಕೋರ್ಟಿನಲ್ಲಿ ಅರ್ಜಿ ಹಾಕಿತು. ಸಾಲ ಸಾವಿರ ಕೋಟಿ ಡಾಲರ್‌ಗೂ ಹೆಚ್ಚು. ನಿವೃತ್ತರ ಟ್ರಸ್ಟಿನ ಉಳಿದ ಕಂತು ಪೂರ್ತಿ ಬರಲಿಲ್ಲ, ಅರ್ಧದ ಆಸುಪಾಸಿಗೆ ಇತ್ಯರ್ಥ. ಹಳೇ ಷೇರುಗಳೆಲ್ಲ ಸೊನ್ನೆ.

ಆದರೆ ಒಂದು ವರ್ಷಕ್ಕೆ, 2017ರ ಏಪ್ರಿಲ್ 3ಕ್ಕೆ, ಅಣ್ಣ ಎದ್ದು ಕೂತ. ಉಕ್ರೇನ್ ಯುದ್ಧದ ವರ್ಷ 2022ರಲ್ಲಿ 130 ಕೋಟಿ ಡಾಲರ್ ಹತ್ತಿರ ಲಾಭ. 'ಕಲ್ಲಿದ್ದಲು ಕಾಲ ಮುಗೀತು, ಅದಕ್ಕೇ ದಿವಾಳಿ' ಅನ್ನುವವರಿಗೆ ನಾನು ಈ ಸಾಲನ್ನು ತೋರಿಸುತ್ತೇನೆ. ಗದ್ದೆ ಉಳಿಸಿಕೊಂಡವನು ಎರಡು ಬರ ಕಂಡರೂ ಏಳುತ್ತಾನೆ.

ಷೇರು ಸುಬ್ಬ

ಹಳೇ ಷೇರು ಹಿಡಿದವನಿಗೆ ಆ 130 ಕೋಟಿಯಲ್ಲಿ ಒಂದು ಪೈಸೆ ಇಲ್ಲ ಅನ್ನುವುದನ್ನೂ ಬರೆದುಕೊಳ್ಳಿ. ಎದ್ದದ್ದು ಕಂಪನಿ ಹೆಸರು. ಒಳಗಿನ ಯಜಮಾನರು ಬೇರೆ. ಸಾಲ ಪತ್ರ ಅಗ್ಗಕ್ಕೆ ಕೊಂಡಿದ್ದ ಫಂಡ್‌ಗಳು ಹೊಸ ಷೇರನ್ನೂ ರಿಯಾಯಿತಿಯಲ್ಲಿ ಪಡೆದವು. ಟಿಕರ್, ಅಂದರೆ ಷೇರುಪೇಟೆಯ ಚುಟುಕು ಹೆಸರು ಮಾತ್ರ ಅದೇ, ಬಿಟಿಯು, ಶಾಖ ಅಳೆಯುವ ಮಾನ. ಅಣ್ಣ ಅಂತ ನೀವು ಕರೆಯುತ್ತಿರುವವನು ನಿಜಕ್ಕೂ ಅದೇ ಅಣ್ಣನಾ?

ಹಳೇ ಲೆಡ್ಜರ್

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಸುಬ್ಬಣ್ಣ. ಗೆದ್ದಿರಿ. ಅಣ್ಣನ ಮನೆಯನ್ನು ಬಡ್ಡಿಯವನು ಹೊಕ್ಕು, ಅಣ್ಣನ ಹೆಸರಿನ ಬೋರ್ಡ್ ಹಾಗೇ ಬಿಟ್ಟಿದ್ದಾನೆ ಅಂತ ತಿದ್ದಿಕೊಳ್ಳುತ್ತೇನೆ.

ಸಿಂಗಲ್ ಟೀ

ಹಾಗಾದ್ರೆ ತಮ್ಮನ ಹೊಲ ಈಗ ಯಾರ ಹೆಸರಲ್ಲಿದೆ?

ಹಳೇ ಲೆಡ್ಜರ್

ಪೇಟ್ರಿಯಟ್ 2015ರ ಮೇ 12ಕ್ಕೆ ಎರಡನೇ ಸಲ ಅರ್ಜಿ ಹಾಕಿತು, ಈ ಸಲ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ. ಒಳ್ಳೆಯ ಗಣಿಗಳನ್ನು ಬ್ಲ್ಯಾಕ್‌ಹಾಕ್ ಅನ್ನುವ ಕಂಪನಿ ತೆಗೆದುಕೊಂಡಿತು. ಅದೂ 2019ರಲ್ಲಿ ದಿವಾಳಿ ಕೋರ್ಟಿಗೆ ಹೋಗಿ ಬಂತು. ಫೆಡರಲ್ ನಂಬರ್ 2 ಅನ್ನುವ ಗಣಿ ಮತ್ತು ಗುಂಡಿ ಮುಚ್ಚುವ, ನೀರು ಶುದ್ಧ ಮಾಡುವ ಹೊಣೆಯ ದೊಡ್ಡ ಗಂಟು ಒಂದು ಪರಿಸರ ಸಂಸ್ಥೆ ಕಟ್ಟಿಕೊಂಡ ಕಂಪನಿಗೆ ಹೋಯಿತು. ಗಿಡ ನೆಡುತ್ತೇವೆ ಅಂದಿದ್ದರು. 2020ರಲ್ಲಿ ವೆಸ್ಟ್ ವರ್ಜೀನಿಯಾ ಪರಿಸರ ಇಲಾಖೆ ಕೋರ್ಟಿಗೆ ಹೋಗಿ ಅದಕ್ಕೆ ರಿಸೀವರ್ ಹಾಕಿಸಿತು.

ಬ್ಲ್ಯಾಕ್ ಲಂಗ್ ಪರಿಹಾರದ ಲೆಕ್ಕ ಬೇರೆ. ಪೇಟ್ರಿಯಟ್ ವಿಮೆ ಮಾಡಿಸದೆ ಸ್ವಂತವಾಗಿ ಪರಿಹಾರ ಕೊಡುತ್ತೇನೆ ಅಂತ ಇಟ್ಟಿದ್ದ ಠೇವಣಿ 1.5 ಕೋಟಿ ಡಾಲರ್. ಸರ್ಕಾರದ ನಿಧಿಯ ಮೇಲೆ ಬಿದ್ದ ಹೊಣೆ ಸುಮಾರು 23 ಕೋಟಿ ಅಂತ ಅಮೆರಿಕದ ಸರ್ಕಾರಿ ಲೆಕ್ಕ ತಪಾಸಣೆಯವರು ಅಂದಾಜು ಮಾಡಿದರು.

ಮುದುಕರ ಚಿಕಿತ್ಸೆಯನ್ನು 2017ರ ಮೇ ತಿಂಗಳಲ್ಲಿ ಸಂಸತ್ತು ತನ್ನ ಖರ್ಚಿಗೆ ಹಾಕಿಕೊಂಡಿತು. ಬೇರೆ ಬೇರೆ ದಿವಾಳಿ ಕಂಪನಿಗಳವರು ಸೇರಿ 22 ಸಾವಿರಕ್ಕೂ ಹೆಚ್ಚು ಜನ. ಪಿಂಚಣಿ ನಿಧಿಗೆ 2019ರ ಡಿಸೆಂಬರ್‌ನಲ್ಲಿ ಇನ್ನೊಂದು ಕಾನೂನು. ಅಷ್ಟರಲ್ಲಿ ಆ ನಿಧಿಗೆ ದುಡ್ಡು ಕಟ್ಟುತ್ತಿದ್ದ ಕೊನೆಯ ದೊಡ್ಡ ಕಂಪನಿ ಮರ್ರೆ ಎನರ್ಜಿಯೂ ಅಕ್ಟೋಬರ್‌ನಲ್ಲಿ ದಿವಾಳಿಯಾಗಿತ್ತು.

ಬಂಗಾರಪೇಟೆ ಪ್ಯಾಸೆಂಜರ್

ಅಂದರೆ ಟ್ರೂಮನ್ ಕಾಲದ ಚೀಟಿ ಸುತ್ತಿ ಸುತ್ತಿ ಸರ್ಕಾರದ ಮೇಜಿಗೇ ಬಂತು. ಎಪ್ಪತ್ತೊಂದು ವರ್ಷ ತಗೊಂಡಿತು.

ಸಿಂಗಲ್ ಟೀ

ಮಿಸೌರಿ ಅಕ್ಕ, ಆ ಪೀಬಾಡಿ ಥಿಯೇಟರ್ ಇನ್ನೂ ಇದೆಯಾ?

ಮಿಸೌರಿ ಮಾವಿನಕಾಯಿ

ಇದೆ. 2018ರಲ್ಲಿ ಬೋರ್ಡ್ ಬದಲಾಯ್ತು. ಈಗ ಸ್ಟೈಫೆಲ್ ಥಿಯೇಟರ್. ಸ್ಟೈಫೆಲ್ ಅಂದರೆ ಷೇರು, ಬಾಂಡ್ ವ್ಯವಹಾರದ ಕಂಪನಿ.